ಬೀಳುವ ಕಡೆಗೇ ಹ್ಯಾಂಡಲ್

ನಡಿಗೆ ಕಲಿಯುವ ಕೂಸು ಗಂಟೆಗೆ ಎಷ್ಟು ಸಲ ಬೀಳಬಹುದು? ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕರೆನ್ ಅಡಾಲ್ಫ್ ಮತ್ತು ಸಂಗಡಿಗರು 12ರಿಂದ 19 ತಿಂಗಳ ಮಕ್ಕಳನ್ನು ಆಟದ ಕೋಣೆಯಲ್ಲಿ ತಮ್ಮ ಪಾಡಿಗೆ ಬಿಟ್ಟು, ವಿಡಿಯೊ ತೆಗೆದು ಎಣಿಸಿದರು. 2012ರಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ ಗಂಟೆಗೆ ಸರಾಸರಿ 2,368 ಹೆಜ್ಜೆ, 17 ಸಲ ಬೀಳುವುದು. ಒಂದಿಷ್ಟು ಅತ್ತು, ಇಲ್ಲವೇ ಅಳದೆಯೂ, ಮಗು ಎದ್ದು ಮತ್ತೆ ಹೊರಡುತ್ತದೆ. ಇದಕ್ಕೆ ಮಗುವಿನ ಧೈರ್ಯವೊಂದೇ ಕಾರಣವಲ್ಲ, ಅದರ ಮೈ ಅಳತೆಯೂ ಕಾರಣ. ಆಕಾರ ಅದೇ ಇದ್ದು ಎತ್ತರ ಅರ್ಧವಾದರೆ ತೂಕ ಎಂಟನೇ ಒಂದಕ್ಕೆ ಇಳಿಯುತ್ತದೆ. ಬೀಳುವ ದೂರವೂ ಅರ್ಧ. ಎರಡನ್ನೂ ಗುಣಿಸಿದರೆ ನೆಲಕ್ಕೆ ಅಪ್ಪಳಿಸುವ ಶಕ್ತಿ ದೊಡ್ಡವರದಕ್ಕೆ ಹೋಲಿಸಿದರೆ ಹದಿನಾರನೇ ಒಂದು ಪಾಲು. ನಲವತ್ತು ದಾಟಿದವರು ಬೀಳಲು ಅಂಜಿದರೆ ಅದನ್ನು ಹೇಡಿತನ ಎನ್ನಬಾರದು. ಅವರ ಮೈಗೆ ಈ ಗುಣಾಕಾರ ಗೊತ್ತಿದೆ.

ತಿರುಪ್ಪೂರಿನಲ್ಲಿರುವ ನನ್ನ ಅತ್ತಿಗೆಗೆ ಆ ಅಂಜಿಕೆ ಬಹಳ ಹಿಂದಿನದು. ಉಡುಮಲೈ ಸೀಮೆಯ ಕನ್ನಡ ಮಾತಾಡುವ ನೇಕಾರರ ಮನೆ ಅವರದು. ಏಳೆಂಟು ವರ್ಷದವರಿದ್ದಾಗ ಅಣ್ಣನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಪರಂಬಿಕುಳಂ–ಆಳಿಯಾರ್ ಕಾಲುವೆಯ ದಡದ ಮೇಲೆ ಹೋಗುತ್ತಿದ್ದರಂತೆ. ಕಾಲುವೆಗೆ ನೀರು ಬಿಟ್ಟಿದ್ದ ಕಾಲ. ಹಿಂಚಕ್ರದ ಕಡ್ಡಿಗಳ ನಡುವೆ ಹಿಮ್ಮಡಿ ಸಿಕ್ಕಿತು, ಇಬ್ಬರೂ ದಡದ ಮೇಲೇ ಉರುಳಿದರು. ಗಾಯ ದೊಡ್ಡದೇನಲ್ಲ. ಆದರೆ ಬಿದ್ದ ಜಾಗದಿಂದ ನೀರು ಒಂದು ಮಾರು ದೂರದಲ್ಲಿತ್ತು. ಮನೆಗೆ ಬಂದಮೇಲೆ ಹೆಣ್ಣುಮಗುವಿಗೆ ಸೈಕಲ್ ಯಾಕೆ ಎಂಬ ಬೈಗುಳ ಬೇರೆ. ಅಲ್ಲಿಂದಾಚೆಗೆ ಎಷ್ಟೋ ವರ್ಷ ಅವರು ಸೈಕಲ್ ಮುಟ್ಟಲಿಲ್ಲ. ಈಗ ಬನಿಯನ್ ಕಂಪನಿಯಲ್ಲಿ ಓವರ್‌ಲಾಕ್ ಮಿಷಿನ್ ಮೇಲೆ ಕೂರುವ ಕೆಲಸ. ದಿನವಿಡೀ ಪೆಡಲ್ ಒತ್ತುವ ಆ ಪಾದಕ್ಕೆ ವೇಗವನ್ನು ಕೂದಲೆಳೆಯಷ್ಟು ಏರಿಸಿ ಇಳಿಸುವ ಹದ ಗೊತ್ತು. ನಾನು ಸೈಕಲ್ ಕಲಿಸಲು ಹೊರಟಾಗ ಮಾತ್ರ, ಅದರ ಪೆಡಲ್ ಮೇಲೆ ಇಟ್ಟರೆ ಅದೇ ಪಾದ ನಡುಗುತ್ತಿತ್ತು.

ಚಿಕ್ಕಂದಿನಲ್ಲಿ ಬಿದ್ದದ್ದಕ್ಕೆ ಭಯ ಬಂತು ಎಂದು ಎಲ್ಲರೂ ಹೇಳುತ್ತಾರೆ, ಅತ್ತಿಗೆಯೂ ಹೇಳುತ್ತಾರೆ. ಈ ಮಾತನ್ನು ಪರೀಕ್ಷೆಗೆ ಒಡ್ಡಿದ ಅಧ್ಯಯನವೊಂದಿದೆ. ನ್ಯೂಜಿಲೆಂಡಿನ ಡುನೆಡಿನ್ ಪಟ್ಟಣದಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸಂಶೋಧಕರು ಬಾಲ್ಯದಿಂದಲೇ ಬಿಡದೆ ಗಮನಿಸುತ್ತ ಬಂದಿದ್ದಾರೆ. ಯಾರು ಯಾವ ವಯಸ್ಸಿನಲ್ಲಿ ಬಿದ್ದು ಪೆಟ್ಟು ಮಾಡಿಕೊಂಡರು ಎಂಬುದು ಆಗಲೇ ದಾಖಲಾಗಿತ್ತು. ಆಮೇಲೆ ನೆನಪಿನಿಂದ ಕೆದಕಿ ತೆಗೆದದ್ದಲ್ಲ. ರಿಚೀ ಪೌಲ್ಟನ್ ಮತ್ತು ಜೊತೆಗಾರರು 1998ರಲ್ಲಿ ಆ ದಾಖಲೆಗಳನ್ನು ಎತ್ತರದ ಭಯದ ಜೊತೆ ಇಟ್ಟು ನೋಡಿದರು. ಬಾಲ್ಯದಲ್ಲಿ ಬಿದ್ದವರಲ್ಲಿ ಭಯ ಹೆಚ್ಚಿರಲಿಲ್ಲ. ಬದಲಿಗೆ, 5ರಿಂದ 9 ವರ್ಷದೊಳಗೆ ಬಿದ್ದು ಗಾಯ ಮಾಡಿಕೊಂಡವರು 18ನೇ ವಯಸ್ಸಿಗೆ ಎತ್ತರದ ಭಯ ಇಲ್ಲದವರ ಗುಂಪಿನಲ್ಲೇ ಹೆಚ್ಚಾಗಿ ಸಿಕ್ಕಿದರು! ಎತ್ತರದ ಭಯ ಬೇರೆ, ಸೈಕಲ್ಲಿನ ಭಯ ಬೇರೆ ಎನ್ನಬಹುದು, ನಿಜ. ಅತ್ತಿಗೆಯ ಕಥೆಗೆ ಈ ಅಂಕಿಗಳನ್ನು ನೇರವಾಗಿ ಅಂಟಿಸಲು ಬರುವುದಿಲ್ಲ. ಆದರೂ ಒಂದು ಗುಮಾನಿಗೆ ಇದು ಬಲ ಕೊಡುತ್ತದೆ. ಬಿದ್ದದ್ದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಬಿದ್ದ ಮೇಲೆ ಮತ್ತೆ ಹತ್ತದಿದ್ದದ್ದು. ಹತ್ತದೆ ಉಳಿದ ಪ್ರತಿ ಸಲವೂ ಎದೆ ಹಗುರಾಗುತ್ತದೆ. ದೂರ ಉಳಿದದ್ದಕ್ಕೇ ಪಾರಾದೆ ಎಂದು ಮಿದುಳು ಗುರುತು ಹಾಕಿಕೊಳ್ಳುತ್ತದೆ. ಆ ಗುರುತನ್ನು ಅಳಿಸಬಲ್ಲ ಅನುಭವ ಹತ್ತಿರ ಸುಳಿಯಲು ಅವಕಾಶವೇ ಸಿಗುವುದಿಲ್ಲ.

ಇನ್ನು ಸೈಕಲ್ಲಿನ ಕಡೆಗೆ ಬರೋಣ. ಅಂಗೈ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸುವ ಆಟವನ್ನು ಎಲ್ಲರೂ ಆಡಿರುತ್ತೇವೆ. ಕೋಲು ಬಲಕ್ಕೆ ವಾಲಿದರೆ ಕೈಯನ್ನೂ ಬಲಕ್ಕೇ ಒಯ್ಯುತ್ತೇವೆ. ಎಡಕ್ಕೆ ಎಳೆದುಕೊಂಡರೆ ಕೋಲು ಬಿತ್ತೆಂದೇ ಲೆಕ್ಕ. ಸೈಕಲ್ ನಿಲ್ಲುವುದೂ ಹೀಗೆಯೇ. ಓಡುತ್ತಿರುವ ಸೈಕಲ್ ನೆಟ್ಟಗೆ ಇರುವುದೇ ಇಲ್ಲ, ಸದಾ ಒಂದು ಮಗ್ಗುಲಿಗೆ ಬೀಳತೊಡಗಿರುತ್ತದೆ. ಸವಾರ ಅದು ಬೀಳುವ ಕಡೆಗೇ ಹ್ಯಾಂಡಲ್ ತಿರುಗಿಸುತ್ತಾನೆ. ಆಗ ಚಕ್ರಗಳು ನೆಲದ ಮೇಲೆ ಅತ್ತ ಸರಿದು, ವಾಲಿದ ಮೈಯ ಅಡಿಗೆ ಬಂದು ನಿಲ್ಲುತ್ತವೆ. ಬಲಕ್ಕೆ ವಾಲಿದರೆ ಬಲಕ್ಕೆ, ಎಡಕ್ಕೆ ವಾಲಿದರೆ ಎಡಕ್ಕೆ. ಕಲಿತವರ ಕೈಯಲ್ಲಿ ಈ ತಿದ್ದುಪಡಿ ಎಷ್ಟು ಸಣ್ಣದೆಂದರೆ ಅವರಿಗೇ ಅದರ ಸುಳಿವಿರುವುದಿಲ್ಲ. ಒದ್ದೆ ಚಕ್ರದ ಗುರುತು ಒಣ ಸಿಮೆಂಟ್ ನೆಲದ ಮೇಲೆ ಬಿದ್ದಾಗ ನೋಡಿ: ಅನುಭವಿ ಸವಾರನ ಗೆರೆಯೂ ನೇರವಾಗಿರದೆ ಹಾವಿನ ಹಾಗೆ ಬಳುಕಿರುತ್ತದೆ.

ಎಷ್ಟು ತಿರುಗಿಸಬೇಕು ಎಂಬುದನ್ನು ವೇಗ ತೀರ್ಮಾನಿಸುತ್ತದೆ. ಎರಡು ಚಕ್ರಗಳ ನಡುವೆ ಒಂದು ಮೀಟರ್ ಅಂತರವಿರುವ ಸೈಕಲ್ 2 ಡಿಗ್ರಿ ವಾಲಿದೆ ಎಂದುಕೊಳ್ಳಿ. ಗಂಟೆಗೆ 12 ಕಿ.ಮೀ. ವೇಗದಲ್ಲಿ ಆ ವಾಲುವಿಕೆಯನ್ನು ತಡೆದು ನಿಲ್ಲಿಸಲು ಮುಂಚಕ್ರವನ್ನು 2 ಡಿಗ್ರಿಯಷ್ಟೂ ತಿರುಗಿಸಬೇಕಿಲ್ಲ. 6 ಕಿ.ಮೀ. ವೇಗದಲ್ಲಿ 7 ಡಿಗ್ರಿ ಬೇಕು. 3 ಕಿ.ಮೀ.ಗೆ ಇಳಿದರೆ ಸುಮಾರು 26 ಡಿಗ್ರಿ, ಅಂದರೆ ಹ್ಯಾಂಡಲ್ಲನ್ನು ಹೊರಳಿಸಿಯೇ ಬಿಡಬೇಕು. ವೇಗ ಅರ್ಧವಾದಾಗ ಬೇಕಾದ ತಿರುವು ಹೆಚ್ಚು ಕಡಿಮೆ ನಾಲ್ಕು ಪಟ್ಟು ಬೆಳೆಯುತ್ತದೆ. ಹೆದರಿದವರು ಏನು ಮಾಡುತ್ತಾರೆ? ನಿಧಾನ ಹೋಗುತ್ತಾರೆ. ಸೈಕಲ್ಲಿನ ಮೇಲೆ ಅತಿ ಕಷ್ಟದ ಕೆಲಸವನ್ನು, ಸುರಕ್ಷಿತವೆಂದು ನಂಬಿ, ಮೊದಲ ದಿನವೇ ಕೈಗೆತ್ತಿಕೊಳ್ಳುತ್ತಾರೆ. ಕಲಿಸುವವರೂ ಮೆಲ್ಲಗೆ, ಮೆಲ್ಲಗೆ ಎಂದು ಕೂಗುತ್ತಿರುತ್ತಾರೆ. ಈ ಕೂಗು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಈ ಲೆಕ್ಕ ಗೊತ್ತಿದ್ದ ಮಾತ್ರಕ್ಕೆ ಸೈಕಲ್ ಬರುವುದಿಲ್ಲ. ಹಂಗೆರಿ ಮೂಲದ ರಸಾಯನಶಾಸ್ತ್ರಜ್ಞ, ದಾರ್ಶನಿಕ ಮೈಕೆಲ್ ಪೊಲಾನ್ಯಿ 1958ರಷ್ಟು ಹಿಂದೆಯೇ ಇದೇ ಸೈಕಲ್ ಸೂತ್ರವನ್ನು ಎತ್ತಿಕೊಂಡು, ಬಾಯಲ್ಲಿ ಹೇಳಲಾಗದ ತಿಳಿವಳಿಕೆಯೊಂದಿದೆ ಎಂದು ವಾದಿಸಿದ್ದರು. ಗಣಿತದವರಿಗೂ ಸೈಕಲ್ ಸುಲಭವಾಗಿ ಬಗ್ಗಿದ ವಿಷಯವಲ್ಲ. 1899ರಲ್ಲಿ ಫ್ರಾನ್ಸಿಸ್ ವಿಪಲ್ ಅದರ ಚಲನೆಯ ಸಮೀಕರಣಗಳನ್ನು ಬರೆದರು. ಬುಗುರಿಯನ್ನು ನಿಲ್ಲಿಸುವ ಗೈರೊಸ್ಕೋಪ್ ಪರಿಣಾಮವೇ ಸೈಕಲ್ಲನ್ನೂ ನಿಲ್ಲಿಸುತ್ತದೆ ಎಂಬ ನಂಬಿಕೆ ಬಹುಕಾಲ ಇತ್ತು. ಇಂಗ್ಲೆಂಡಿನ ಡೇವಿಡ್ ಜೋನ್ಸ್ ಮುಂಚಕ್ರದ ಪಕ್ಕದಲ್ಲೇ ಉಲ್ಟಾ ತಿರುಗುವ ಇನ್ನೊಂದು ಚಕ್ರ ಕೂರಿಸಿ ಆ ಪರಿಣಾಮವನ್ನು ರದ್ದು ಮಾಡಿದರು. ಸೈಕಲ್ ಬೀಳಲಿಲ್ಲ, ಸಲೀಸಾಗಿ ಓಡಿಸಲು ಬಂತು. 1970ರಲ್ಲಿ ಅವರು ಈ ಪ್ರಯೋಗವನ್ನು ಪ್ರಕಟಿಸಿ, ಹ್ಯಾಂಡಲ್ಲಿನ ಅಕ್ಷ ನೆಲವನ್ನು ಸೇರುವ ಬಿಂದುವಿಗಿಂತ ಚಕ್ರ ನೆಲ ಮುಟ್ಟುವ ಬಿಂದು ತುಸು ಹಿಂದಿರುವುದೇ ಗುಟ್ಟು ಎಂದರು. 2011ರಲ್ಲಿ ಡಚ್ ಮತ್ತು ಅಮೆರಿಕನ್ ಸಂಶೋಧಕರು ಅದನ್ನೂ ತೆಗೆದುಹಾಕಿದ ಪುಟ್ಟ ಚಕ್ರಗಳ ಯಂತ್ರವೊಂದನ್ನು ಕಟ್ಟಿದರು. ಅದೂ ಸವಾರನಿಲ್ಲದೆ ತಾನಾಗಿ ಸಾವರಿಸಿಕೊಂಡು ಓಡಿತು. ಉಳಿದದ್ದು ಒಂದೇ ಮಾತು. ತಾನೇ ನಿಲ್ಲಬಲ್ಲ ಸೈಕಲ್‌ಗಳೆಲ್ಲ ಯಾವುದೋ ಒಂದು ಬಗೆಯಲ್ಲಿ ಬೀಳುವ ಕಡೆಗೆ ತಾವೇ ತಿರುಗುತ್ತವೆ. ಈ ಸಂಶೋಧಕರಲ್ಲಿ ಕೆಲವರು 2007ರಲ್ಲಿ ಲೆಕ್ಕ ಹಾಕಿದ ಮಾದರಿ ಸೈಕಲ್ ಸೆಕೆಂಡಿಗೆ 4.3ರಿಂದ 6 ಮೀಟರ್, ಅಂದರೆ ಗಂಟೆಗೆ ಸುಮಾರು 15ರಿಂದ 22 ಕಿ.ಮೀ. ವೇಗದಲ್ಲಿ ತಿದ್ದುವ ಕೈ ಇಲ್ಲದೆಯೂ ನಿಲ್ಲುತ್ತದೆ. ಅದಕ್ಕಿಂತ ಕೆಳಗಿನ ವೇಗದಲ್ಲಿ ಕೈಯದೇ ಕೆಲಸ.

ಭಯ ಮುಟ್ಟುವುದು ಈ ಕೈಯನ್ನೇ. ರಷ್ಯಾದ ಶರೀರಶಾಸ್ತ್ರಜ್ಞ ನಿಕೊಲಾಯ್ ಬರ್ನ್‌ಸ್ಟೈನ್, ಹೊಸ ಚಲನೆ ಕಲಿಯುವವರು ಮೊದಮೊದಲು ಮೈಯ ಕೀಲುಗಳನ್ನು ಬಿಗಿದು ಹಿಡಿಯುತ್ತಾರೆ ಎಂದು ಹೇಳಿದ್ದರು. ಸಡಿಲ ಬಿಟ್ಟರೆ ಸಂಭಾಳಿಸಬೇಕಾದದ್ದು ಜಾಸ್ತಿಯಾಗುತ್ತದೆ, ಅದಕ್ಕೆ. ಹೆದರಿದವರಲ್ಲಿ ಈ ಬಿಗಿತ ಇಮ್ಮಡಿಯಾಗುತ್ತದೆ. ಅತ್ತಿಗೆಯ ಮುಂಗೈ, ಮೊಣಕೈ, ಹೆಗಲು, ಸೊಂಟ ಎಲ್ಲವೂ ಸೇರಿ ಒಂದೇ ಹಲಗೆಯಾಗುತ್ತಿದ್ದದ್ದನ್ನು ನಾನು ಪಕ್ಕದಲ್ಲಿ ಓಡುತ್ತಲೇ ನೋಡಿದ್ದೇನೆ. ಸೈಕಲ್ ಬಲಕ್ಕೆ ವಾಲುತ್ತದೆ, ಮೈ ಬೆಚ್ಚಿ ಎಡಕ್ಕೆ ಜಗ್ಗುತ್ತದೆ. ತೋಳು ಸೆಟೆದಿರುವುದರಿಂದ ಮೈಯ ಜೊತೆ ಹ್ಯಾಂಡಲ್ಲೂ ಎಡಕ್ಕೆ ತಿರುಗುತ್ತದೆ. ಚಕ್ರ ಎಡಕ್ಕೆ ಓಡಿ, ಮೈ ಬಲಕ್ಕೆ ಬೀಳುತ್ತದೆ. ಬೀಳಬಾರದೆಂದು ಮಾಡಿದ್ದೇ ಬೀಳಿಸಿತು. ಇದರಲ್ಲಿ ಅವರ ತಪ್ಪೇನೂ ಇಲ್ಲ. ನಿಂತ ನೆಲದ ಮೇಲೆ, ಬಾವಿಯ ಕಟ್ಟೆಯಲ್ಲಿ, ಕಾಲುವೆಯ ಅಂಚಿನಲ್ಲಿ ನಮ್ಮನ್ನು ಉಳಿಸುವ ಪ್ರತಿಕ್ರಿಯೆಯೇ ಅದು. ಉರುಳುವ ಚಕ್ರದ ಮೇಲೆ ಅದರ ದಿಕ್ಕು ಉಲ್ಟಾ ಆಗುತ್ತದೆ.

ಈ ಬಿಗಿತ ಸಡಿಲವಾಗಲು ಕಾಲಿಗೆ ನೆಲ ಸಿಗುತ್ತಿರಬೇಕು. ಆದ್ದರಿಂದ ಮೊದಲು ತೆಗೆಯಬೇಕಾದದ್ದು ಪೆಡಲ್. ತಮಿಳುನಾಡು ಸರ್ಕಾರ 2001–02ರಲ್ಲಿ ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರಿಗೆಂದು ಶುರುಮಾಡಿ ಮುಂದೆ ಎಲ್ಲ ವರ್ಗದ ಹುಡುಗ ಹುಡುಗಿಯರಿಗೂ ವಿಸ್ತರಿಸಿದ ಯೋಜನೆಯಡಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹನ್ನೊಂದನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಸಿಗುತ್ತದೆ. ಅತ್ತಿಗೆಯ ಮಗಳಿಗೆ ಸಿಕ್ಕಿದ್ದ ಸೈಕಲ್, ಅವಳು ಕಾಲೇಜಿಗೆ ಬಸ್ಸಿನಲ್ಲಿ ಹೋಗತೊಡಗಿದ ಮೇಲೆ, ಜಗುಲಿಯಲ್ಲಿ ದೂಳು ತಿನ್ನುತ್ತಿತ್ತು. ಒಂದು ಭಾನುವಾರ ಬೆಳಗ್ಗೆ ಸ್ಪ್ಯಾನರ್ ಹಿಡಿದು ಕೂತೆವು. ಬಲ ಪೆಡಲ್ ಸಾಮಾನ್ಯ ತಿರುಪುಗಳಂತೆ ಅಪ್ರದಕ್ಷಿಣೆಯಾಗಿ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಎಡ ಪೆಡಲ್ಲಿಗೆ ಉಲ್ಟಾ ತಿರುಪು ಇರುತ್ತದೆ, ಅದನ್ನು ಪ್ರದಕ್ಷಿಣೆಯಾಗಿ ತಿರುಗಿಸಬೇಕು. ತುಳಿಯುತ್ತ ತುಳಿಯುತ್ತ ತಾನೇ ಸಡಿಲವಾಗದಿರಲಿ ಎಂಬ ಏರ್ಪಾಡು ಅದು. ಸೀಟನ್ನು ಕೆಳಗಿಳಿಸಿ, ಕೂತಲ್ಲೇ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗುವಂತೆ ಮಾಡಿದೆವು.

ಚರಿತ್ರೆಯಲ್ಲಿ ಸೈಕಲ್ ಹುಟ್ಟಿದ್ದೂ ಹೀಗೆಯೇ. 1817ರ ಜೂನ್ 12ರಂದು ಜರ್ಮನಿಯ ಮಾನ್‌ಹೈಮ್ ಪಟ್ಟಣದಿಂದ ಕಾರ್ಲ್ ಡ್ರೈಸ್ ಹೊರಟ ಮರದ ಎರಡು ಚಕ್ರದ ಗಾಡಿಗೆ ಪೆಡಲ್ ಇರಲಿಲ್ಲ. ಕಾಲಿನಿಂದ ನೆಲ ಒದ್ದುಕೊಂಡೇ ಅವರು ಸಾಗಿದರು. ಮುಂಚಕ್ರಕ್ಕೆ ಪೆಡಲ್ ಬಂದದ್ದು 1860ರ ದಶಕದಲ್ಲಿ. ಅಂದರೆ ಸಮತೋಲ ಮೊದಲು, ತುಳಿಯುವುದು ಆಮೇಲೆ ಎಂಬ ಕ್ರಮವನ್ನು ಮನುಷ್ಯ ಕುಲವೇ ಅರ್ಧ ಶತಮಾನ ಪಾಲಿಸಿತ್ತು. ಅಕ್ಕಪಕ್ಕ ಪುಟ್ಟ ಗಾಲಿ ಕಟ್ಟಿ ಮಕ್ಕಳಿಗೆ ಕಲಿಸುವ ನಮ್ಮ ಪದ್ಧತಿ ಇದನ್ನು ತಿರುಗಾಮುರುಗಾ ಮಾಡುತ್ತದೆ. ಆ ಗಾಲಿಗಳಿದ್ದಾಗ ಸೈಕಲ್ ವಾಲುವುದೇ ಇಲ್ಲ. ವಾಲದಿದ್ದರೆ ವಾಲಿದ ಕಡೆಗೆ ತಿರುಗಿಸುವ ಪಾಠವೂ ಇಲ್ಲ. ಮಗು ತುಳಿಯಲು ಕಲಿಯುತ್ತದೆ, ಸೈಕಲ್ ಕಲಿಯುವುದಿಲ್ಲ.

ಅತ್ತಿಗೆ ಶಾಲೆಯ ಮೈದಾನದ ಸಣ್ಣ ಇಳಿಜಾರಿನಲ್ಲಿ ಕಾಲು ಎಳೆಯುತ್ತ, ಒದೆಯುತ್ತ ಓಡಾಡಿದರು. ನೆಲ ಕಾಲಿಗೆ ಸಿಗುತ್ತದೆ ಎಂಬುದು ಖಾತ್ರಿಯಾದಂತೆ ಹೆಗಲು ಇಳಿಯಿತು, ಹೆಜ್ಜೆಗಳ ನಡುವಿನ ಅಂತರ ಹೆಚ್ಚಿತು. ಎರಡೂ ಕಾಲು ಮೇಲೆತ್ತಿಕೊಂಡು ಮೊದಲ ಸಲ ತೇಲಿ ಹೋದಾಗ ಅವರು ಕಿರುಚಲಿಲ್ಲ. ತುಟಿ ಕಚ್ಚಿಕೊಂಡು ಮುಂಚಕ್ರವನ್ನೇ ದಿಟ್ಟಿಸುತ್ತಿದ್ದರು. ಕಣ್ಣನ್ನು ಅಲ್ಲಿಂದ ಎಬ್ಬಿಸುವುದು ಮುಂದಿನ ಕೆಲಸವಾಯಿತು. ಚಲನೆಯ ಕಲಿಕೆಯ ಸಂಶೋಧಕಿ ಗೇಬ್ರಿಯೆಲ್ ವುಲ್ಫ್ 1998ರಿಂದ ಪ್ರಕಟಿಸುತ್ತ ಬಂದ ಪ್ರಯೋಗಗಳಲ್ಲಿ, ತಮ್ಮ ಕೈಕಾಲು ಏನು ಮಾಡುತ್ತಿವೆ ಎಂದು ಗಮನ ಕೊಡುವವರಿಗಿಂತ, ಆ ಚಲನೆಯಿಂದ ಹೊರಗೆ ಏನಾಗುತ್ತಿದೆ ಎಂದು ಗಮನಿಸುವವರು ಸಮತೋಲದ ಆಟಗಳನ್ನು ಚೆನ್ನಾಗಿ ಕಲಿಯುತ್ತಾರೆ ಎಂದು ಕಂಡುಬಂದಿದೆ. ಹಾಗಾಗಿ ನಾನು ಮೊಣಕೈ ಸಡಿಲಿಸಿ, ಬೆನ್ನು ನೇರ ಮಾಡಿ ಎಂಬ ಸೂಚನೆಗಳನ್ನೆಲ್ಲ ನಿಲ್ಲಿಸಿದೆ. ಮೈದಾನದ ಕೊನೆಯಲ್ಲೊಂದು ಬೇವಿನ ಮರವಿತ್ತು. ಅದರ ಬಲಗಡೆಯ ಕಿಂಡಿಯಲ್ಲಿ ದಾಟಿ ಎಂದಷ್ಟೇ ಹೇಳಿದೆ. ಮರವನ್ನು ನೋಡಿ ಎನ್ನಲಿಲ್ಲ, ಕಿಂಡಿಯನ್ನು ನೋಡಿ ಎಂದೆ. ಹೊಸಬರ ಚಕ್ರ ಕಣ್ಣು ನೆಟ್ಟ ಕಡೆಗೆ ಹೋಗಿಬಿಡುತ್ತದೆ.

ಕೈಯನ್ನು ಅದರ ಪಾಡಿಗೆ ಬಿಡಲು ಬಲವಾದ ಕಾರಣವಿದೆ. ಬೀಳತೊಡಗಿದ ಸೈಕಲ್ಲಿನ ವಾಲುವಿಕೆ ಹೆಚ್ಚು ಕಡಿಮೆ ಪ್ರತಿ ಕಾಲು ಸೆಕೆಂಡಿಗೆ ಇಮ್ಮಡಿಯಾಗುತ್ತದೆ. ಕಣ್ಣಿಗೆ ಕಂಡದ್ದನ್ನು ಅರಿತು ಬೆರಳು ಅಲ್ಲಾಡಿಸಲಿಕ್ಕೇ ಸುಮಾರು ಅಷ್ಟು ಹೊತ್ತು ಹಿಡಿಯುತ್ತದೆ. ಬಲಕ್ಕೆ ವಾಲಿದೆ, ಬಲಕ್ಕೆ ತಿರುಗಿಸೋಣ ಎಂದು ಯೋಚಿಸಿ ಮಾಡುವವರು ಯಾವಾಗಲೂ ತಡವಾಗಿಯೇ ಇರುತ್ತಾರೆ. ಒಳಕಿವಿಯ ಮೂರು ಅರ್ಧವೃತ್ತದ ನಾಳಗಳು ತಲೆಯ ತಿರುಗುವಿಕೆಯನ್ನು ಅಳೆದು ಸುದ್ದಿ ಕಳಿಸುತ್ತವೆ. ಆ ಸುದ್ದಿಯನ್ನು ಕೈಯ ಚಲನೆಗೆ ಜೋಡಿಸುವುದರಲ್ಲಿ ತಲೆಯ ಹಿಂಭಾಗದ ಕಿರುಮೆದುಳಿನ ಪಾತ್ರ ದೊಡ್ಡದು. ಅದು ಕಲಿಯುವುದು ತಪ್ಪುಗಳಿಂದ. ಅಂದುಕೊಂಡದ್ದಕ್ಕೂ ಆದದ್ದಕ್ಕೂ ವ್ಯತ್ಯಾಸ ಕಂಡಾಗ, ಅಲ್ಲಿನ ಪುರ್ಕಿಂಜೆ ಜೀವಕೋಶಗಳ ಸಂಪರ್ಕಗಳು ಬದಲಾಗುತ್ತವೆ. ಜಪಾನಿನ ನರವಿಜ್ಞಾನಿ ಮಸಾವೊ ಇಟೊ ಜೀವಮಾನವಿಡೀ ಬಿಡಿಸಿಟ್ಟ ವಿಷಯ ಅದು. ಒಂದೂ ಓಲಾಟವಾಗದಂತೆ ಯಾರಾದರೂ ಹಿಂದಿನಿಂದ ಸೀಟು ಹಿಡಿದುಕೊಂಡೇ ಇದ್ದರೆ ಕಿರುಮೆದುಳಿಗೆ ಕಲಿಯಲು ಪಠ್ಯವೇ ಇಲ್ಲ.

ಹಳೆಯ ತಲೆಮಾರಿನ ಹುಡುಗರಿಗೆ ಈ ಪಠ್ಯ ಧಾರಾಳವಾಗಿ ಸಿಗುತ್ತಿತ್ತು. ಕೊಯಮತ್ತೂರು ಸೀಮೆಯ ಊರೂರಲ್ಲಿ ಗಂಟೆ ಬಾಡಿಗೆಗೆ ಸೈಕಲ್ ಕೊಡುವ ಅಂಗಡಿಗಳಿದ್ದವು. ಸಿಗುತ್ತಿದ್ದದ್ದು ದೊಡ್ಡವರ ಸೈಕಲ್. ಸೀಟಿಗೆ ಎಟುಕದ ಹುಡುಗರು ತ್ರಿಕೋನದ ಚೌಕಟ್ಟಿನೊಳಗೆ ಬಲಗಾಲು ತೂರಿಸಿ ಒಳಪೆಡಲು ಹೊಡೆಯುತ್ತಿದ್ದರು. ತಮಿಳರಲ್ಲಿ ಇದು ಕುರಂಗು ಪೆಡಲ್, ಅಂದರೆ ಕೋತಿ ಪೆಡಲ್. ಅದರ ಭೌತಶಾಸ್ತ್ರ ಬಹಳ ಸೊಗಸಾಗಿದೆ. ಹುಡುಗನ ಮೈ ಇಡಿಯಾಗಿ ಸೈಕಲ್ಲಿನ ಎಡಕ್ಕೆ ಜೋತುಬಿದ್ದಿರುತ್ತದೆ. ಅದನ್ನು ಸರಿದೂಗಿಸಲು ಸೈಕಲ್ಲನ್ನು ಬಲಕ್ಕೆ ಓರೆ ಮಾಡಿ ಹಿಡಿಯಬೇಕು. ಹುಡುಗ, ಸೈಕಲ್ ಎರಡನ್ನೂ ಕೂಡಿಸಿದ ಗುರುತ್ವಕೇಂದ್ರ ಚಕ್ರಗಳು ನೆಲ ಮುಟ್ಟುವ ಗೆರೆಯ ನೇರಕ್ಕೆ ಬಂದರೆ ಸಾಕು, ಚೌಕಟ್ಟು ಎಷ್ಟು ಸೊಟ್ಟಗಿದ್ದರೂ ಅಡ್ಡಿಯಿಲ್ಲ. ಪುಸ್ತಕದಲ್ಲಿ ಓದಿ ಮಾಡಲಾಗದ ಈ ಲೆಕ್ಕವನ್ನು ಎಂಟು ವರ್ಷದ ಪೋರರು ಸಂಜೆಗತ್ತಲಲ್ಲಿ ಬಿಡಿಸುತ್ತಿದ್ದರು. ಹುಡುಗಿಯರಿಗೆ ಆ ಸಂಜೆಗಳು ಸಿಗಲಿಲ್ಲ. ಅತ್ತಿಗೆಯ ಅಣ್ಣ, ಅದೇ ದಡದ ಮೇಲೆ ಜೊತೆಗೇ ಬಿದ್ದವರು, ಮಾರನೇ ದಿನ ಮತ್ತೆ ಸೈಕಲ್ ಹತ್ತಿದ್ದರು. ತಂಗಿ ಹತ್ತಲಿಲ್ಲ. ಇಬ್ಬರ ನಡುವಿನ ವ್ಯತ್ಯಾಸಕ್ಕೆ ಕಾರಣವನ್ನು ಬಿದ್ದ ಪೆಟ್ಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಇದೇ ರಾಜ್ಯದ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಆ ಸಂಜೆಗಳನ್ನು ಹೆಂಗಸರಿಗೆ ಒದಗಿಸಿಕೊಟ್ಟ ಅಪರೂಪದ ಚಳವಳಿ ನಡೆಯಿತು. 1990ರ ದಶಕದ ಆರಂಭದಲ್ಲಿ ಅಲ್ಲಿನ ಅರಿವೊಳಿ ಸಾಕ್ಷರತಾ ಆಂದೋಲನ, ಆಗಿನ ಕಲೆಕ್ಟರ್ ಶೀಲಾ ರಾಣಿ ಚುಂಕತ್ ಅವರ ಒತ್ತಾಸೆಯಿಂದ, ಓದುಬರಹದ ಜೊತೆಗೆ ಸೈಕಲ್ಲನ್ನೂ ಪಾಠವಾಗಿಸಿತು. 1992ರ ಮಹಿಳಾ ದಿನದಂದು 1,500ಕ್ಕೂ ಹೆಚ್ಚು ಹೆಂಗಸರು ಸೈಕಲ್ ಏರಿ ಪಟ್ಟಣದ ಬೀದಿಗಳಲ್ಲಿ ಗಂಟೆ ಬಾರಿಸುತ್ತ ಹೋದದ್ದನ್ನು ಪತ್ರಕರ್ತ ಪಿ. ಸಾಯಿನಾಥ್ ದಾಖಲಿಸಿದ್ದಾರೆ. ಲೇಡೀಸ್ ಸೈಕಲ್ ಸಾಲದೆ ಗಂಡಸರ ಸೈಕಲ್ಲನ್ನೇ ಕೊಂಡವರು ಬಹಳ. ಮುಂದಿನ ಬಾರಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದೆಂದು ಅದನ್ನೇ ಮೆಚ್ಚಿದವರೂ ಇದ್ದರು. ಈ ಚಳವಳಿಯನ್ನು ಸಮಾಜದ ಕಥೆಯಾಗಿ ಎಲ್ಲರೂ ಹೇಳುತ್ತಾರೆ. ಭಯದ ವಿಜ್ಞಾನದ ಕಥೆಯಾಗಿಯೂ ಅದನ್ನು ಹೇಳಬೇಕು. 1967ರಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಮತ್ತು ಸಹೋದ್ಯೋಗಿಗಳು ನಾಯಿಗೆ ಹೆದರುವ ಮಕ್ಕಳಿಗೆ, ತಮ್ಮದೇ ವಯಸ್ಸಿನ ಮಗುವೊಂದು ಹೆಜ್ಜೆ ಹೆಜ್ಜೆಯಾಗಿ ನಾಯಿಯ ಹತ್ತಿರ ಹೋಗಿ ಆಡುವುದನ್ನು ತೋರಿಸಿದರು. ನೋಡಿದ್ದರಿಂದಲೇ ಹಲವರ ಭಯ ಇಳಿಯಿತು. ಹುಟ್ಟಾ ಧೈರ್ಯಶಾಲಿಯನ್ನು ನೋಡುವುದಕ್ಕಿಂತ, ನಮ್ಮಂಥವರೇ ಅಳುಕುತ್ತ ಮುಂದುವರಿಯುವುದು ಕಂಡರೆ ಇನ್ನೂ ಹೆಚ್ಚು ಉಪಯೋಗವಾಗಬಹುದು. ಪುದುಕ್ಕೋಟ್ಟೈಯಲ್ಲಿ ಪ್ರತಿ ಹೆಂಗಸಿನ ಎದುರಿಗೂ ಅಂಥ ಇನ್ನೊಬ್ಬ ಹೆಂಗಸಿದ್ದಳು. ಅತ್ತಿಗೆಗೂ, ಕಂಪನಿಯ ಚೆಕಿಂಗ್ ವಿಭಾಗದ ಗೆಳತಿಯೊಬ್ಬರು ಮೈದಾನಕ್ಕೆ ಬಂದು ಅವರಷ್ಟೇ ಅಡ್ಡಾದಿಡ್ಡಿ ತುಳಿಯತೊಡಗಿದ ಮೇಲೆ ಆದ ಪ್ರಗತಿ, ನಾನು ಹೇಳಿದ ಯಾವ ಭೌತಶಾಸ್ತ್ರದಿಂದಲೂ ಆಗಿರಲಿಲ್ಲ.

ಮೈದಾನದಲ್ಲಿ ಪೆಡಲ್ ಜೋಡಿಸಿ ಸುತ್ತು ಹೊಡೆಯುತ್ತಿದ್ದ ಅತ್ತಿಗೆ ರಸ್ತೆಗೆ ಬಂದ ಕೂಡಲೇ ಮತ್ತೆ ಹಲಗೆಯಾದರು. ಕಲಿತದ್ದೆಲ್ಲ ಹೋಯಿತು ಎಂದು ಅವರಿಗೆ ಅಳು. ಹೋಗಿರಲಿಲ್ಲ. ಭಯ ಕಡಿಮೆಯಾಗುವಾಗ ಹಳೆಯ ನೆನಪು ಅಳಿಯುವುದಿಲ್ಲ, ಅದರ ಪಕ್ಕದಲ್ಲಿ ಇಲ್ಲಿ ಅಪಾಯವಿಲ್ಲ ಎಂಬ ಹೊಸ ನೆನಪು ಬೆಳೆಯುತ್ತದೆ. ಅಮೆರಿಕದ ಮನೋವಿಜ್ಞಾನಿ ಮಾರ್ಕ್ ಬೌಟನ್ ಪ್ರಾಣಿಗಳ ಮೇಲೆ ಮಾಡಿದ ಪ್ರಯೋಗಗಳಿಂದ ತಿಳಿದ ಮುಖ್ಯ ಸಂಗತಿ: ಹೊಸ ನೆನಪು ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತದೆ. ಜಾಗ ಬದಲಾದರೆ ಹಳೆಯದು ತಲೆ ಎತ್ತುತ್ತದೆ. ಇದಕ್ಕೆ ಮದ್ದು, ಜಾಗಗಳನ್ನು ಬದಲಿಸುತ್ತ ಅಭ್ಯಾಸ ಮಾಡುವುದು. ಮೊದಲು ಮನೆಯ ಸಂದು, ಆಮೇಲೆ ಕಂಪನಿಗಳಿಗೆ ರಜೆಯಿರುವ ಭಾನುವಾರದ ಖಾಲಿ ಬೀದಿ, ಆಮೇಲೆ ಸಂತೆಬೀದಿಯ ಅಂಚು. ಒಮ್ಮೆ ಉಡುಮಲೈಗೆ ಹೋದಾಗ ಅದೇ ಕಾಲುವೆಯ ದಡದ ಮೇಲೂ ತುಳಿದರು, ನೀರಿಗೆ ದೂರದ ಮಗ್ಗುಲಲ್ಲಿ.

ಈಗ ಅವರು ಹೆಲ್ಮೆಟ್ ಹಾಕಿಕೊಂಡು ವೀರಪಾಂಡಿಯಿಂದ ಪಲ್ಲಡಂ ರಸ್ತೆಯಲ್ಲಿ ದಕ್ಷಿಣಕ್ಕೆ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮ ಘಟ್ಟಗಳ ಪಾಲಕ್ಕಾಡ್ ಕಣಿವೆಯ ಮೂಲಕ ನುಗ್ಗುವ ಗಾಳಿ ಈ ಬಯಲಿನ ಮೇಲೆ ಬೀಸುತ್ತದೆ. ಪಲ್ಲಡಂ, ಉಡುಮಲೈ ಸುತ್ತ ಗಾಳಿಯಂತ್ರಗಳು ಸಾಲುಗಟ್ಟಿರುವುದು ಅದಕ್ಕೇ. ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೇ ಹಾರುತ್ತದೆಂದು ಇಲ್ಲಿನ ಗಾದೆ. ದಕ್ಷಿಣಕ್ಕೆ ಹೋಗುವವರಿಗೆ ಗಾಳಿ ಬಲಗಡೆಯಿಂದ ತಳ್ಳುತ್ತದೆ. ಅದಕ್ಕೆ ಎದುರಾಗಿ ಬಲಕ್ಕೆ ವಾಲಿಕೊಂಡೇ ತುಳಿಯಬೇಕು. ಅಷ್ಟರಲ್ಲಿ ಬಲಗಡೆಯಿಂದ ಲಾರಿ ಹಿಂದಿಕ್ಕುತ್ತದೆ. ಆ ಕ್ಷಣ ಗಾಳಿ ಮರೆಯಾಗಿ, ಆತು ನಿಂತಿದ್ದ ಒತ್ತಡವೇ ಇಲ್ಲವಾಗಿ, ಸೈಕಲ್ ಬಲಕ್ಕೆ, ಲಾರಿಯ ಕಡೆಗೇ ಬೀಳತೊಡಗುತ್ತದೆ. ಬೀಳುವ ಕಡೆಗೆ ಹ್ಯಾಂಡಲ್ ತಿರುಗಿಸಲು ಅಲ್ಲಿ ಜಾಗವಿಲ್ಲ. ಸಂಜೆ ಉತ್ತರಕ್ಕೆ ಮರಳುವಾಗ ಗಾಳಿ ಎಡದಿಂದ ಬರುವುದರಿಂದ ಲಾರಿ ಅದನ್ನು ತಡೆಯಲಾರದು. ಹಾಗಾಗಿ ಗಾಳಿ ಜೋರಿರುವ ದಿನಗಳಲ್ಲಿ ಅತ್ತಿಗೆ ಬೆಳಗ್ಗೆ ಆ ಬಯಲಿನ ತುಂಡು ದಾರಿಯಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ನಡೆಯುತ್ತಾರೆ, ಸಂಜೆ ಅದೇ ದಾರಿಯಲ್ಲಿ ತುಳಿದುಕೊಂಡು ಬರುತ್ತಾರೆ. ಈ ವ್ಯತ್ಯಾಸವನ್ನು ನಾನು ಹೇಳಿಕೊಡುವ ಮೊದಲೇ ಅವರು ಕಂಡುಕೊಂಡಿದ್ದರು.